ಹಿಮ ಬೀಳುವ ಮುಂಚೆ ಅಂಗಳ, ತೋಟಕ್ಕೆ ಏನೇನು ಮಾಡಬೇಕು?

ಚಳಿಗೆ ಗಿಡ ಸತ್ತುಹೋಯಿತು ಎನ್ನುತ್ತೇವೆ. ಎಷ್ಟೋ ಸಲ ಅದನ್ನು ಕೊಂದದ್ದು ನೀರು. ನೆಲ ಹೆಪ್ಪುಗಟ್ಟಿ ಬೇರಿಗೆ ನೀರು ಸಿಗದೆ ಎಲೆ ಒಣಗುತ್ತದೆ. ಬುಡದಲ್ಲಿ ನೀರು ನಿಂತು ಗಡ್ಡೆ ಕೊಳೆಯುತ್ತದೆ. ಪೈಪಿನೊಳಗೆ ಉಳಿದ ನೀರು ಗಟ್ಟಿಯಾಗಿ ಪೈಪನ್ನೇ ಸೀಳುತ್ತದೆ. ಹಾಗಾಗಿ ಎಲೆ ಉದುರುವ ಕಾಲದ ಕೆಲಸವನ್ನೆಲ್ಲ ಒಂದೇ ಪ್ರಶ್ನೆ ಇಟ್ಟುಕೊಂಡು ಮಾಡಬಹುದು. ನೀರು ಎಲ್ಲಿರಬೇಕು, ಎಲ್ಲಿರಬಾರದು?

ತಾರೀಖು ನೋಡಿ ಕೆಲಸ ಶುರು ಮಾಡಬೇಡಿ. ಒಂದು ವರ್ಷ ಚಳಿ ಬೇಗ ಬರುತ್ತದೆ, ಇನ್ನೊಂದು ವರ್ಷ ತಡ. ರಾತ್ರಿಯ ತಾಪಮಾನವೇ ಸರಿಯಾದ ಗುರುತು.

ರಾತ್ರಿ 10 ಡಿಗ್ರಿಗೆ ಇಳಿದಾಗ

ಬೇಸಿಗೆಯಲ್ಲಿ ಹೊರಗಿಟ್ಟ ಮನೆಯೊಳಗಿನ ಗಿಡಗಳನ್ನು ಈಗಲೇ ಒಳಗೆ ತನ್ನಿ. ಫ್ರಾಸ್ಟ್ (ಎಲೆಯ ಮೇಲೆ ಕೂರುವ ಮಂಜಿನ ಹರಳು) ಬೀಳಲಿ ಆಮೇಲೆ ನೋಡೋಣ ಎಂದು ಕೂತರೆ ತಡವಾಯಿತು. ಉಷ್ಣ ಪ್ರದೇಶದ ಗಿಡಗಳು ಸೊನ್ನೆಗೆ ಬಹಳ ಮೇಲೆಯೇ ಸೊರಗಲು ಶುರುಮಾಡುತ್ತವೆ. ತರುವ ಮುಂಚೆ ಎಲೆಯ ಅಡಿಭಾಗ ತಿರುಗಿಸಿ ನೋಡಿ. ನುಸಿ, ಹಿಟ್ಟು ತಿಗಣೆ, ಬಿಳಿನೊಣ ಅಲ್ಲೇ ಅಡಗಿರುತ್ತವೆ. ಮನೆಯೊಳಗಿನ ಬೆಚ್ಚಗಿನ ಒಣ ಗಾಳಿ ನುಸಿಗೆ ಹಬ್ಬ. ನೀರಿನಲ್ಲಿ ಚೆನ್ನಾಗಿ ತೊಳೆದು, ಒಂದೆರಡು ವಾರ ಬೇರೆ ಗಿಡಗಳಿಂದ ದೂರ ಇಟ್ಟರೆ ಒಳ್ಳೆಯದು.

ಹೊರಗಿನ ಪೊದೆ, ಗುಲಾಬಿ, ಮರಗಳಿಗೆ ಸಾರಜನಕದ ಗೊಬ್ಬರ ಬೇಸಿಗೆಯ ಕೊನೆಗೇ ನಿಂತಿರಬೇಕು. ಈಗ ಹಾಕಿದರೆ ಎಳೆ ಚಿಗುರು ಬರುತ್ತದೆ. ಮೊದಲ ಚಳಿಗೆ ಹೋಗುವುದು ಅದೇ.

ಮೊದಲ ಫ್ರಾಸ್ಟ್‌ನ ಹೊತ್ತಿಗೆ

ಇಬ್ಬನಿಯ ಬದಲು ಎಲೆಯ ಮೇಲೆ ಬೆಳ್ಳಗಿನ ಹರಳು ಕೂತರೆ ಫ್ರಾಸ್ಟ್ ಬಂತೆಂದೇ ಅರ್ಥ. ಟೊಮೆಟೊ, ಬೀನ್ಸ್, ಮೆಣಸಿನಕಾಯಿ, ಸೌತೆ ಇದನ್ನು ತಡೆಯುವುದಿಲ್ಲ. ಮುನ್ಸೂಚನೆ ಬಂದ ಸಂಜೆಯೇ ಕಾಯಿ ಕೀಳಿ. ಬೆಳೆದ ಹಸಿರು ಟೊಮೆಟೊ ಒಳಗಿಟ್ಟರೂ ಹಣ್ಣಾಗುತ್ತದೆ. ಕ್ಯಾರೆಟ್, ಕೇಲ್ ಸೊಪ್ಪನ್ನು ಮಾತ್ರ ಬಿಡಿ. ಚಳಿಯಲ್ಲಿ ಅವು ತಮ್ಮೊಳಗಿನ ಪಿಷ್ಟವನ್ನು ಸಕ್ಕರೆ ಮಾಡಿಕೊಳ್ಳುತ್ತವೆ. ಸಕ್ಕರೆ ಕರಗಿದ ರಸ ಬೇಗ ಹೆಪ್ಪುಗಟ್ಟುವುದಿಲ್ಲ. ಗಿಡ ಇದನ್ನು ಮಾಡುವುದು ತನ್ನ ಜೀವ ಉಳಿಸಿಕೊಳ್ಳಲು, ನಮಗೆ ಸಿಗುವುದು ರುಚಿ.

ಖಾಲಿಯಾದ ಪಾತಿಯಲ್ಲಿ ರೋಗ ಬಂದ ಬಳ್ಳಿ, ಎಲೆ, ಕೊಳೆತ ಕಾಯಿ ಒಂದನ್ನೂ ಉಳಿಸಬೇಡಿ. ಅವನ್ನು ಕಾಂಪೋಸ್ಟ್ ಗುಂಡಿಗೂ ಹಾಕಬೇಡಿ. ಮನೆಯ ಗುಂಡಿ ಸಾಮಾನ್ಯವಾಗಿ ರೋಗಾಣು ಸಾಯುವಷ್ಟು ಬಿಸಿಯಾಗುವುದಿಲ್ಲ. ಆರೋಗ್ಯವಾಗಿದ್ದ ಗಿಡವನ್ನು ನೆಲಮಟ್ಟಕ್ಕೆ ಕತ್ತರಿಸಿ, ಬೇರನ್ನು ಮಣ್ಣಿನಲ್ಲೇ ಬಿಡಿ. ಅದು ಅಲ್ಲೇ ಕೊಳೆತು ಮಣ್ಣು ಸಡಿಲವಾಗುತ್ತದೆ.

ಡೇಲಿಯಾ ಬೆಳೆದವರಿಗೆ ಈಗ ನಿಜವಾದ ಕೆಲಸ. ಫ್ರಾಸ್ಟ್‌ಗೆ ಎಲೆ ಕಪ್ಪಾದ ಮೇಲೆ ದಂಟನ್ನು 10-15 ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ಬುಡದಿಂದ ಒಂದಡಿ ದೂರದಲ್ಲಿ ಸುತ್ತಲೂ ಅಗೆದು, ಇಡೀ ಗೊಂಚಲನ್ನು ಕೆಳಗಿನಿಂದ ಎತ್ತಿ. ದಂಟು ಹಿಡಿದು ಎಳೆದರೆ ಕೆಲಸ ಕೆಟ್ಟಿತು. ಡೇಲಿಯಾದ ಚಿಗುರು ಬರುವುದು ಗಡ್ಡೆಯಿಂದಲ್ಲ, ಗಡ್ಡೆ ದಂಟಿಗೆ ಸೇರುವ ಕತ್ತಿನ ಮೇಲಿನ ಕಣ್ಣಿನಿಂದ. ಕತ್ತು ಮುರಿದ ಗಡ್ಡೆ ಎಷ್ಟು ದಪ್ಪ ಇದ್ದರೂ ಸುಮ್ನೆ ಭಾರ. ದಂಟು ಒಳಗೆ ಟೊಳ್ಳು. ಅದರಲ್ಲಿ ನೀರು ನಿಂತರೆ ಕತ್ತೇ ಮೊದಲು ಕೊಳೆಯುತ್ತದೆ. ಅದಕ್ಕೆ ಗೊಂಚಲನ್ನು ತಲೆಕೆಳಗಾಗಿಟ್ಟು ಕೆಲವು ದಿನ ನೆರಳಿನಲ್ಲಿ ಆರಿಸಬೇಕು. ಆಮೇಲೆ ಮರದ ಹೊಟ್ಟು ಅಥವಾ ತೆಂಗಿನ ನಾರಿನ ಪುಡಿ ತುಂಬಿದ ಪೆಟ್ಟಿಗೆಯಲ್ಲಿ, 4ರಿಂದ 10 ಡಿಗ್ರಿ ಇರುವ ಕತ್ತಲೆ ಮೂಲೆಯಲ್ಲಿಡಿ. ತಿಂಗಳಿಗೊಮ್ಮೆ ಮುಟ್ಟಿ ನೋಡಿ. ಮೆತ್ತಗಾದದ್ದನ್ನು ಎಸೆಯಿರಿ. ಸುಕ್ಕು ಬಿದ್ದಿದ್ದರೆ ಒಂಚೂರು ನೀರು ಚಿಮುಕಿಸಿ. ಕ್ಯಾನಾ, ಗ್ಲ್ಯಾಡಿಯೋಲಸ್ ಗಡ್ಡೆಗಳನ್ನೂ ಅಗೆದು ಎತ್ತಿಡಬೇಕು.

ಈಗ ನೆಡುವುದೂ ಇದೆ

ಟ್ಯುಲಿಪ್, ಡ್ಯಾಫಡಿಲ್, ಕ್ರೋಕಸ್‌ಗಳದ್ದು ಉಲ್ಟಾ ಲೆಕ್ಕ. ಮೂರು ತಿಂಗಳಷ್ಟಾದರೂ ಚಳಿ ಸಿಗದಿದ್ದರೆ ಅವು ಸರಿಯಾಗಿ ಹೂ ಬಿಡುವುದಿಲ್ಲ. ಗಡ್ಡೆಯ ಎತ್ತರದ ಎರಡು-ಮೂರು ಪಟ್ಟು ಆಳಕ್ಕೆ, ಚೂಪು ತುದಿ ಮೇಲಕ್ಕೆ ಇಟ್ಟು ನೆಡಿ. ಟ್ಯುಲಿಪ್ ಆದರೆ 15-20 ಸೆಂಟಿಮೀಟರ್. ಮಳೆ ಬಂದಾಗ ನೀರು ನಿಲ್ಲುವ ಜಾಗ ಮಾತ್ರ ಬೇಡ. ಬೆಳ್ಳುಳ್ಳಿ ಎಸಳನ್ನೂ ಈಗಲೇ ಊರಬಹುದು. 5 ಸೆಂಟಿಮೀಟರ್ ಆಳ, ಎಸಳಿನಿಂದ ಎಸಳಿಗೆ 15 ಸೆಂಟಿಮೀಟರ್ ಅಂತರ, ಮೇಲೆ ಒಣಹುಲ್ಲು. ನೆಲ ಗಟ್ಟಿಯಾಗುವ ಮೊದಲು ಬೇರು ಬಿಡಲು ಕೆಲವು ವಾರ ಸಿಗಬೇಕು, ಅಷ್ಟೆ.

ಉದುರಿದ ಎಲೆ ಕಸವಲ್ಲ

ಎಲೆ ಗುಡಿಸಿ ಚೀಲದಲ್ಲಿ ಕಟ್ಟಿ ಬೀದಿಗಿಡುವುದು, ವಸಂತದಲ್ಲಿ ಗೊಬ್ಬರ ಕೊಂಡು ತರುವುದು. ಇದು ಯಾವ ಲೆಕ್ಕ ಅಂತ ನನಗಂತೂ ಅರ್ಥವಾಗಿಲ್ಲ. ಹುಲ್ಲಿನ ಮೇಲೆ ದಪ್ಪಗೆ ಬಿದ್ದ ಎಲೆ ತೆಗೆಯಲೇಬೇಕು ನಿಜ. ಒದ್ದೆ ಎಲೆ ಚಾಪೆಯಂತೆ ಅಂಟಿಕೊಂಡು ಬೆಳಕು, ಗಾಳಿ ಎರಡನ್ನೂ ತಡೆಯುತ್ತದೆ. ಹಿಮದಡಿ ಅಲ್ಲೇ ಬೂಷ್ಟು ಹಿಡಿಯುತ್ತದೆ. ಆದರೆ ತೆಳುವಾಗಿ ಬಿದ್ದಿದ್ದರೆ ಹುಲ್ಲು ಕತ್ತರಿಸುವ ಯಂತ್ರವನ್ನೇ ಎರಡು ಸಲ ಓಡಿಸಿ. ಪುಡಿಯಾಗಿ ಹುಲ್ಲಿನ ಸಂದಿಗೆ ಇಳಿದು ಗೊಬ್ಬರವಾಗುತ್ತದೆ. ಉಳಿದದ್ದನ್ನು ತಂತಿ ಬಲೆಯ ಗೂಡಿನಲ್ಲಿ ರಾಶಿ ಹಾಕಿ, ಒಮ್ಮೆ ನೀರು ಹಾಕಿ, ಮರೆತುಬಿಡಿ. ಒಂದೆರಡು ವರ್ಷದಲ್ಲಿ ಕಪ್ಪನೆಯ ಎಲೆಗೊಬ್ಬರ ಸಿಗುತ್ತದೆ.

ಕೊನೆಯ ಸಲ ಹುಲ್ಲು ಕತ್ತರಿಸುವಾಗ 6-7 ಸೆಂಟಿಮೀಟರ್ ಉಳಿಸಿ. ಉದ್ದ ಬಿಟ್ಟರೆ ಮಗುಚಿ ಬಿದ್ದು ಬೂಷ್ಟು ಬರುತ್ತದೆ, ಬೋಳಿಸಿದರೆ ಬುಡಕ್ಕೆ ಪೆಟ್ಟು.

ಕತ್ತರಿ ಕೆಳಗಿಡಿ

ಅಂಗಳ ಚೊಕ್ಕ ಕಾಣಲಿ ಅಂತ ಈಗ ಎಲ್ಲವನ್ನೂ ಸವರುವ ಉತ್ಸಾಹ ಬರುತ್ತದೆ, ಅಲ್ವಾ? ತಡೆದುಕೊಳ್ಳಿ. ಲೈಲಾಕ್, ಫೋರ್ಸಿಥಿಯಾದಂಥ ವಸಂತದಲ್ಲಿ ಹೂ ಬಿಡುವ ಪೊದೆಗಳಲ್ಲಿ ಮುಂದಿನ ವರ್ಷದ ಮೊಗ್ಗು ಈಗಾಗಲೇ ಕೂತಿದೆ. ಸವರಿದರೆ ಹೂವನ್ನೇ ಸವರಿದ ಹಾಗೆ. ಒಣಗಿದ, ಮುರಿದ, ರೋಗ ಬಂದ ಕೊಂಬೆ ಮಾತ್ರ ತೆಗೆಯಿರಿ. ಎಕಿನೇಸಿಯಾ, ರುಡ್‌ಬೆಕಿಯಾಗಳ ಒಣ ಹೂತಲೆಯಲ್ಲಿ ಹಕ್ಕಿಗೆ ಬೀಜವಿದೆ. ಟೊಳ್ಳು ದಂಟಿನೊಳಗೆ ಒಂಟಿ ಜೇನ್ನೊಣಗಳು ಚಳಿಗಾಲ ಕಳೆಯುತ್ತವೆ. ಎಲೆಗೆ ಬೂದಿರೋಗ ಬಂದ ಫ್ಲಾಕ್ಸ್, ಪಿಯೋನಿಗಳನ್ನು ಮಾತ್ರ ನೆಲಮಟ್ಟಕ್ಕೆ ಕತ್ತರಿಸಿ ಆಚೆ ಹಾಕಿ.

ನೆಲ ಗಟ್ಟಿಯಾಗುವವರೆಗೂ ನೀರು ಹಾಕಿ

ಚಳಿ ಬಂತು, ಇನ್ನು ನೀರು ಯಾಕೆ ಎನ್ನುವುದು ಸಾಮಾನ್ಯ ಮಾತು. ಎಲೆ ಉದುರಿಸದ ಪೈನ್, ಜುನಿಪರ್, ರೋಡೋಡೆಂಡ್ರನ್‌ಗಳಿಗೆ ಈ ಮಾತು ಮಾರಕ. ಚಳಿಗಾಲದ ಬಿಸಿಲಿಗೆ, ಗಾಳಿಗೆ ಅವುಗಳ ಎಲೆ ನೀರು ಬಿಡುತ್ತಲೇ ಇರುತ್ತದೆ. ಕೆಳಗೆ ನೆಲ ಕಲ್ಲಿನಂತಾಗಿರುವುದರಿಂದ ಬೇರು ಒಂದು ಹನಿಯನ್ನೂ ಎಳೆಯಲಾರದು. ವಸಂತದಲ್ಲಿ ಒಂದು ಪಕ್ಕ ಕಂದಾದ ಗಿಡ ಕಂಡರೆ ಕಾರಣ ಹೆಚ್ಚಾಗಿ ಇದೇ. ಮಳೆ ಸಾಲದಿದ್ದರೆ ವಾರಕ್ಕೊಮ್ಮೆ, ನಿಧಾನವಾಗಿ, ಆಳಕ್ಕೆ ಇಳಿಯುವಂತೆ ನೀರು ಕೊಡಿ. ಈ ವರ್ಷ ನೆಟ್ಟ ಸಸಿಗಳಿಗೂ ಅಷ್ಟೇ. ಗಾಳಿಗೆ ಎದುರಾಗಿರುವ ಗಿಡಕ್ಕೆ ಗೋಣಿಬಟ್ಟೆಯ ಮರೆ ಕಟ್ಟಿ. ಪ್ಲಾಸ್ಟಿಕ್ ಸುತ್ತಬೇಡಿ, ಬಿಸಿಲಿಗೆ ಒಳಗೆ ಬೆಂದುಹೋಗುತ್ತದೆ.

ನಲ್ಲಿ, ಪೈಪು, ಕುಂಡ

ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಶೇ 9ರಷ್ಟು ಹೆಚ್ಚುತ್ತದೆ. ಜಾಗವಿಲ್ಲದ ಪೈಪಿನಲ್ಲಿ ಈ ಶೇ 9 ಸಾಕು. ಮೊದಲು ರಬ್ಬರ್ ಪೈಪನ್ನು ನಲ್ಲಿಯಿಂದ ಬಿಚ್ಚಿ. ನೀರು ಸುರಿಸಿ, ಸುತ್ತಿ ಒಳಗಿಡಿ. ಮನೆಯೊಳಗೆ ಆ ನಲ್ಲಿಗೆ ಬೇರೆ ವಾಲ್ವ್ ಇದ್ದರೆ ಮುಚ್ಚಿ. ಆಮೇಲೆ ಹೊರಗಿನ ನಲ್ಲಿ ತೆರೆದು ಉಳಿದ ನೀರು ಹರಿಯಬಿಡಿ.

ನಮ್ಮದು ಹೆಪ್ಪುಗಟ್ಟದ ನಲ್ಲಿ, ಚಿಂತೆಯಿಲ್ಲ ಎನ್ನುವವರು ಇದನ್ನು ಓದಿ. ಅಂಥ ನಲ್ಲಿಯಲ್ಲಿ ನೀರು ತಡೆಯುವ ಭಾಗ ಗೋಡೆಯ ಒಳಗೆ, ಬೆಚ್ಚಗಿನ ಕಡೆ ಇರುತ್ತದೆ. ತಿರುಗಿಸಿ ನಿಲ್ಲಿಸಿದಾಗ ಮುಂದಿನ ಕೊಳವೆಯಲ್ಲಿದ್ದ ನೀರು ಹೊರಗೆ ಇಳಿದು ಖಾಲಿಯಾಗಬೇಕು. ರಬ್ಬರ್ ಪೈಪು ಸಿಕ್ಕಿಸಿಯೇ ಬಿಟ್ಟರೆ ಆ ನೀರು ಇಳಿಯುವುದಿಲ್ಲ. ಕೊಳವೆ ಗೋಡೆಯೊಳಗೇ ಸೀಳುತ್ತದೆ. ವಸಂತದಲ್ಲಿ ನಲ್ಲಿ ತಿರುಗಿಸಿದ ದಿನವೇ ಅದು ಗೊತ್ತಾಗುವುದು, ಅದೂ ಗೋಡೆ ಒದ್ದೆಯಾದ ಮೇಲೆ. ನೆಲದಡಿ ಹಾಕಿದ ನೀರಾವರಿ ಪೈಪುಗಳನ್ನು ಕಂಪ್ರೆಸರ್ ಗಾಳಿಯಿಂದ ಊದಿ ಖಾಲಿ ಮಾಡಬೇಕು. ಒತ್ತಡ ಜಾಸ್ತಿಯಾದರೆ ಪೈಪು ಒಡೆಯುತ್ತದೆ, ಅಭ್ಯಾಸವಿಲ್ಲದಿದ್ದರೆ ಗೊತ್ತಿದ್ದವರನ್ನು ಕರೆಯಿರಿ.

ಮಣ್ಣಿನ ಕುಂಡ ನೀರು ಹೀರಿಕೊಂಡಿರುತ್ತದೆ. ಹಾಗೇ ಬಿಟ್ಟರೆ ಪದರ ಪದರವಾಗಿ ಉದುರುತ್ತದೆ. ಖಾಲಿ ಮಾಡಿ, ಒಣಗಿಸಿ, ಬೋರಲು ಹಾಕಿ ಒಳಗಿಡಿ. ಸಲಿಕೆ, ಕತ್ತರಿಗಳ ಮಣ್ಣು ಕೆರೆದು ಎಣ್ಣೆ ಒರೆಸಿ. ಬ್ಯಾಟರಿ ಉಪಕರಣಗಳ ಬ್ಯಾಟರಿ ಮನೆಯೊಳಗೆ ಇರಲಿ.

ಕಾಂಡಕ್ಕೆ ಎರಡು ಕಾವಲು

ಎಳೆಯ ಸೇಬು, ಚೆರಿ, ಮೇಪಲ್ ಮರಗಳ ತೊಗಟೆ ತೆಳು. ಚಳಿಗಾಲದ ಮಧ್ಯಾಹ್ನದ ಬಿಸಿಲು ಒಂದು ಪಕ್ಕವನ್ನು ಬಿಸಿ ಮಾಡುತ್ತದೆ. ಉತ್ತರ ಗೋಳಾರ್ಧದಲ್ಲಿ ಅದು ನೈಋತ್ಯ, ದಕ್ಷಿಣದಲ್ಲಿ ವಾಯವ್ಯ. ಅಲ್ಲಿನ ಜೀವಕೋಶಗಳು ಎಚ್ಚರವಾಗುತ್ತವೆ. ಸೂರ್ಯ ಮುಳುಗಿದ ಕೂಡಲೇ ಚಳಿ ಬಡಿದು ಸಾಯುತ್ತವೆ, ತೊಗಟೆ ಸೀಳುತ್ತದೆ. ಬಿಳಿ ಪಟ್ಟಿ ಸುತ್ತಿದರೆ ಬಿಸಿಲು ಹಿಂದಕ್ಕೆ ಹೋಗುತ್ತದೆ. ವಸಂತದಲ್ಲಿ ಅದನ್ನು ಬಿಚ್ಚಲು ಮರೆಯಬೇಡಿ.

ಇನ್ನೊಂದು ಕಾಟ ಇಲಿ. ಹಿಮದಡಿ ಸುರಂಗ ಮಾಡಿಕೊಂಡು ಬಂದು ತೊಗಟೆ ಕಡಿಯುತ್ತವೆ. ಸುತ್ತಲೂ ಕಡಿದರೆ ಎಲೆ ಮಾಡಿದ ಆಹಾರ ಬೇರಿಗೆ ಇಳಿಯುವುದಿಲ್ಲ, ಮರ ಉಳಿಯುವುದೂ ಇಲ್ಲ. 6 ಮಿಲಿಮೀಟರ್ ಕಣ್ಣಿನ ತಂತಿ ಬಲೆಯನ್ನು ಕಾಂಡಕ್ಕೆ ತಾಗದಂತೆ ಸುತ್ತಿ, ಬಲೆಯ ಬುಡವನ್ನು ಮಣ್ಣಿನಲ್ಲಿ ಹೂತಿಡಿ. ಬಲೆ ನಿಮ್ಮ ಕಡೆ ನಿಲ್ಲುವ ಹಿಮಕ್ಕಿಂತ ಎತ್ತರವಿರಬೇಕು.

ಹೊದಿಕೆ ಕೊನೆಗೆ

ಹೂಪಾತಿಗೆ ಒಣಹುಲ್ಲು, ಎಲೆಪುಡಿಯ ಹೊದಿಕೆಯನ್ನು ಬಹಳ ಜನ ಬೇಗ ಹಾಕಿಬಿಡುತ್ತಾರೆ, ಗಿಡ ಬೆಚ್ಚಗಿರಲಿ ಅಂತ. ಇಲ್ಲಿ ಹೊದಿಕೆಯ ಕೆಲಸ ಮಣ್ಣನ್ನು ಒಂದೇ ಸಮನೆ ತಣ್ಣಗಿಡುವುದು. ಹಗಲು ಕರಗಿ ರಾತ್ರಿ ಗಟ್ಟಿಯಾಗುವ ಮಣ್ಣು ಉಬ್ಬುತ್ತಾ ಇಳಿಯುತ್ತಾ ಗಿಡವನ್ನು ಬೇರುಸಮೇತ ಮೇಲಕ್ಕೆ ನೂಕುತ್ತದೆ. ಈ ವರ್ಷ ನೆಟ್ಟವೇ ಮೊದಲು ಹೊರಬರುವುದು. ಆದ್ದರಿಂದ ನೆಲದ ಮೇಲ್ಪದರ ಗಟ್ಟಿಯಾದ ಮೇಲೆ 5-10 ಸೆಂಟಿಮೀಟರ್ ಹರಡಿ. ಬೇಗ ಹಾಕಿದರೆ ಇಲಿಗೆ ಮನೆ ಕಟ್ಟಿಕೊಟ್ಟಂತೆ. ಮರದ ಕಾಂಡಕ್ಕೆ ಒತ್ತಿ ಗುಡ್ಡೆ ಹಾಕಬೇಡಿ, ಒಂದು ಗೇಣು ಜಾಗ ಬಿಡಿ. ಕಸಿ ಗುಲಾಬಿಗೆ ಮಾತ್ರ ಬೇರೆ ನಿಯಮ. ಕಸಿಯ ಗಂಟು ಮುಚ್ಚುವಂತೆ ಬುಡಕ್ಕೆ 20-30 ಸೆಂಟಿಮೀಟರ್ ಮಣ್ಣು ಏರಿಸಿ. ಮಣ್ಣು ಬೇರೆ ಕಡೆಯಿಂದ ತನ್ನಿ. ಅದರ ಬುಡದಿಂದಲೇ ಕೆರೆದರೆ ಬೇರು ಬಯಲಾಗುತ್ತದೆ.

ಹಿಮ ಬಿದ್ದ ಮೇಲೆ ಅದನ್ನು ಕರಗಿಸಲು ಕಾಲುದಾರಿಗೆ ಅಡುಗೆ ಉಪ್ಪಿನಂಥ ಸೋಡಿಯಂ ಉಪ್ಪು ಸುರಿಯುವ ಮುಂಚೆ, ಪಕ್ಕದಲ್ಲಿ ಏನು ನೆಟ್ಟಿದ್ದೀರಿ ನೋಡಿ. ಕರಗಿದ ಉಪ್ಪುನೀರು ನೇರ ಬೇರಿಗೇ ಹೋಗುತ್ತದೆ. ಜಾರದಿರಲು ಮರಳು ಎರಚಿದರೂ ಆಗುತ್ತದೆ. ದಾರಿಯಿಂದ ಬಾಚಿದ ಉಪ್ಪುಹಿಮವನ್ನು ಪೊದೆಯ ಬುಡಕ್ಕೆ ರಾಶಿ ಹಾಕಬೇಡಿ.