ಐಸೊಪಾಡ್ ಸಾಕುವುದು ಹೇಗೆ? ಮುಂಬೈ ಮನೆಯಲ್ಲಿ ಮೊದಲು ಗಾಳಿ, ಆಮೇಲೆ ನೀರು

ಹೂಕುಂಡ ಎತ್ತಿದೊಡನೆ ಚದುರಿ ಓಡುವ ಬೂದುಬಣ್ಣದ ಜೀವಿ ಹುಳುವಲ್ಲ, ಸಿಗಡಿ–ಏಡಿಗಳ ಬಳಗ. ಏಳು ಜೊತೆ ಕಾಲು. ಹೊಟ್ಟೆಯಡಿಯ ತೇವದ ಪದರಗಳಿಂದ ಉಸಿರಾಟ. ಇದೂ ಐಸೊಪಾಡ್ ಜಾತಿಯದೇ. ಟೆರೇರಿಯಂ (ಗಾಜಿನ ಪೆಟ್ಟಿಗೆಯೊಳಗಿನ ಪುಟ್ಟ ತೋಟ) ಪ್ರಿಯರು ಸಾಕುವುದು ಇದರ ಉಷ್ಣವಲಯದ ನೆಂಟರನ್ನು. ಥಾಯ್ಲೆಂಡಿನ ‘ರಬ್ಬರ್ ಡಕಿ’ ಎಂಬ ಬಗೆಗೆ ಹೆಸರೂ ಜಾಸ್ತಿ, ಬೆಲೆಯೂ ಜಾಸ್ತಿ, ಮರಿ ಮಾತ್ರ ನಿಧಾನ. ಹೊಸಬರಿಗೆ ‘ಡ್ವಾರ್ಫ್ ವೈಟ್’ ಸಾಕು. ಅದು ಗಂಡಿಲ್ಲದೆಯೂ ಮರಿ ಮಾಡುತ್ತದೆ.

ಐದು ಲೀಟರಿನ ಪ್ಲಾಸ್ಟಿಕ್ ಡಬ್ಬಿಯ ಎದುರುಬದುರು ಬದಿಗಳಲ್ಲಿ ತೂತು ಕೊರೆದು ಸಣ್ಣ ಕಣ್ಣಿನ ಜಾಲರಿ ಅಂಟಿಸಿ. ಈ ಕೆಲಸದಲ್ಲಿ ಜಿಪುಣತನ ಬೇಡ. ದಿನಾ ನೀರು ಚಿಮುಕಿಸಿ, ಮುಚ್ಚಳ ಬಿಗಿಮಾಡಿ ಎಂದು ಹೊರದೇಶದ ವಿಡಿಯೊಗಳು ಹೇಳುವುದು ಹೀಟರಿನಿಂದ ಒಣಗಿದ ಮನೆಗಳಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಷ್ಟು ಹಿಡಿಯುವ ಊರಲ್ಲಿ ಹಾಗೆ ಮಾಡಿದರೆ ಡಬ್ಬಿಯೊಳಗೆ ಗಾಳಿ ಕೊಳೆತು ಅವು ಸಾಯುತ್ತವೆ.

ತಳಕ್ಕೆ ಐದಾರು ಸೆಂಟಿಮೀಟರ್ ಕೋಕೊಪಿಟ್ (ತೆಂಗಿನ ನಾರಿನ ಪುಡಿ) ಮತ್ತು ಔಷಧಿ ಬೀಳದ ಮಣ್ಣು. ಕೋಕೊಪಿಟ್ಟನ್ನು ಎರಡು ಸಲ ತೊಳೆಯಿರಿ, ಉಪ್ಪು ಹೋಗಲಿ. ಒಂದು ಬದಿಗೆ ಮಾತ್ರ ಪಾಚಿ ಹಾಸಿ, ಅಲ್ಲಷ್ಟೇ ನೀರು ಹಾಕಿ. ಇನ್ನೊಂದು ಬದಿ ಒಣಗಿರಲಿ. ಬೇಕಾದ ಕಡೆಗೆ ಅವೇ ನಡೆದುಹೋಗುತ್ತವೆ. ನಲ್ಲಿನೀರನ್ನು ರಾತ್ರಿಯಿಡೀ ತೆರೆದಿಟ್ಟು ಬಳಸಿ.

ಮುಖ್ಯ ಆಹಾರ ತರಗೆಲೆ. ವಸತಿ ಸೊಸೈಟಿಯ ಅಂಗಳದಲ್ಲಿ ಉದುರುವ ಕಾಡುಬಾದಾಮಿ ಎಲೆ ಬಲು ಒಳ್ಳೆಯದು. ಕುದಿಸಿ ಒಣಗಿಸಿ ಹಾಕಿ. ಬೋರಿವಲಿಯ ನ್ಯಾಷನಲ್ ಪಾರ್ಕಿನಿಂದ ತರಬೇಡಿ, ಅದು ಸಂರಕ್ಷಿತ ಕಾಡು. ಚಿಪ್ಪು ಗಟ್ಟಿಯಾಗಲು ಮೊಟ್ಟೆಚಿಪ್ಪಿನ ಪುಡಿ, ಇಲ್ಲವೇ ಕ್ರಾಫರ್ಡ್ ಮಾರ್ಕೆಟ್ಟಿನ ಹಕ್ಕಿ ಅಂಗಡಿಯ ಕಟಲ್‌ಬೋನ್ (ಕಟಲ್‌ಫಿಶ್ ಎಂಬ ಕಡಲಜೀವಿಯ ಒಳಚಿಪ್ಪು). ವಾರಕ್ಕೊಮ್ಮೆ ಚೂರು ಸೌತೆಕಾಯಿ, ಉಪ್ಪು ಹಾಕದ ಒಣಸಿಗಡಿಯ ಪುಡಿ. ನೆಂಟರನ್ನೇ ತಿನ್ನಿಸುವುದೇ ಎಂದು ಸಂಕೋಚಪಡಬೇಡಿ, ಅವಕ್ಕೆ ಅದಿಲ್ಲ.

ಅರ್ಧ ಮೈ ಬಿಳಿಚಿಕೊಂಡರೆ ರೋಗವಲ್ಲ. ಮೊದಲು ಹಿಂಭಾಗದ, ಒಂದೆರಡು ದಿನ ಬಿಟ್ಟು ಮುಂಭಾಗದ ಪೊರೆ ಕಳಚುತ್ತವೆ. ಕಳಚಿದ್ದನ್ನು ತಾವೇ ತಿನ್ನುತ್ತವೆ, ತೆಗೆಯಬೇಡಿ. ತಾಯಿಯ ಹೊಟ್ಟೆಯಡಿಯ ಚೀಲದಿಂದ ಬರುವ ಮರಿಗಳಿಗೆ ಆರೇ ಜೊತೆ ಕಾಲು. ಏಳನೆಯದು ಆಮೇಲೆ ಮೂಡುತ್ತದೆ.

ಇರುವೆ ಕಾಟಕ್ಕೆ ಸಕ್ಕರೆ ಡಬ್ಬಿಯ ಹಾಗೆ ನೀರಿನ ತಟ್ಟೆಯಲ್ಲಿಡಿ. ಲಕ್ಷ್ಮಣರೇಖೆ ಚಾಕ್ ಬೇಡ, ಇರುವೆ ಕೊಲ್ಲುವ ವಿಷ ಇವನ್ನೂ ಕೊಲ್ಲುತ್ತದೆ. ಪೆಸ್ಟ್ ಕಂಟ್ರೋಲ್‌ನವರು ಬರುವ ದಿನ ಡಬ್ಬಿಯನ್ನು ಬೇರೆಯವರ ಮನೆಗೆ ಸಾಗಿಸಿ. ಸಂಖ್ಯೆ ಹೆಚ್ಚಾದರೆ ಇನ್ನೊಬ್ಬ ಹವ್ಯಾಸಿಗೆ ಕೊಡಿ. ಕೆಳಗಿನ ತೋಟಕ್ಕೆ ಮಾತ್ರ ಬಿಡಬೇಡಿ.