ಬತ್ತಿ ಆರಿದ ಮೇಲೆ ನೀರು ಯಾಕೆ ಏರಿತು?

ಎಂಟನೇ ತರಗತಿಗೆ ದಹನದ ಪಾಠ ಬಂದಾಗ ನಾನು ತಪ್ಪದೆ ಮಾಡಿಸುವ ಪ್ರಯೋಗ ಒಂದಿದೆ. ತಟ್ಟೆಯಲ್ಲಿ ಮೇಣದಬತ್ತಿ ನಿಲ್ಲಿಸಿ, ಸುತ್ತ ಬಣ್ಣದ ನೀರು ಹಾಕಿ, ಉರಿಯುವ ಬತ್ತಿಯ ಮೇಲೆ ಗಾಜಿನ ಬಾಟಲಿ ಬೋರಲು ಹಾಕುವುದು. ಬತ್ತಿ ಆರುತ್ತದೆ, ನೀರು ಬಾಟಲಿಯೊಳಗೆ ಏರುತ್ತದೆ. ಗಾಳಿಯಲ್ಲಿ ಶೇ 21ರಷ್ಟು ಆಮ್ಲಜನಕವಿದೆ, ಅದು ಖಾಲಿಯಾದ ಜಾಗಕ್ಕೆ ನೀರು ಬಂತು ಅನ್ನುವ ವಿವರಣೆಯನ್ನು ಮಕ್ಕಳು ಬೆಂಕಿಕಡ್ಡಿ ಗೀರುವ ಮೊದಲೇ ಒಪ್ಪಿಸಿಬಿಡುತ್ತಾರೆ. ಈ ಪ್ರಯೋಗವನ್ನು ನಾನು ಆರಿಸಿಕೊಂಡದ್ದೇ ಅದಕ್ಕೆ. ಗೊತ್ತಿಲ್ಲದ್ದನ್ನು ಹುಡುಕುವುದಕ್ಕಿಂತ, ಗೊತ್ತಿದೆ ಅಂದುಕೊಂಡಿದ್ದನ್ನು ಪರೀಕ್ಷಿಸುವಾಗ ಮಕ್ಕಳ ಯೋಚನೆ ಹೆಚ್ಚು ಚುರುಕಾಗುತ್ತದೆ.

ಲ್ಯಾಬ್ ಬೇಕಿಲ್ಲ. ಖಾಲಿ ಉಪ್ಪಿನಕಾಯಿ ಬಾಟಲಿ, ಊಟದ ತಟ್ಟೆ, ಇಂಕು ಬೆರೆಸಿದ ನೀರು ಸಾಕು. ನಾಲ್ಕೈದು ಮಕ್ಕಳ ಗುಂಪು. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ: ಊಹೆ, ಕಂಡಿದ್ದು, ಅನ್ನಿಸಿದ್ದು. ಊಹೆಯನ್ನು ಮೊದಲೇ ಪೆನ್ನಿನಲ್ಲಿ ಬರೆಯಬೇಕು, ತಪ್ಪಾದರೆ ಅಂಕ ಹೋಗುವುದಿಲ್ಲ.

ನಿಜವಾದ ಕೆಲಸ ನಡೆಯುವುದು ಎರಡನೇ ಕಾಲಂನಲ್ಲಿ. ಒಬ್ಬ ಹುಡುಗ ‘ಕಂಡಿದ್ದು’ ಕೆಳಗೆ ‘ಆಮ್ಲಜನಕ ಖಾಲಿಯಾಯಿತು’ ಎಂದು ಬರೆದಿದ್ದ.

‘ಆಮ್ಲಜನಕ ಖಾಲಿ ಆಗಿದ್ದು ಕಣ್ಣಿಗೆ ಕಾಣಿಸ್ತೇನೋ?’

‘ಇಲ್ಲ ಮಿಸ್.’

‘ಮತ್ತೆ ಏನು ಕಾಣಿಸ್ತು?’

‘ಬತ್ತಿ ಆರಿತು. ಆಮೇಲೆ ನೀರು ಸರ್ರಂತ ಮೇಲೆ ಬಂತು.’

‘ಆಮ್ಲಜನಕ ಖರ್ಚಾಗೋದು ಬತ್ತಿ ಉರೀತಿರೋವಾಗಲೋ, ಆರಿದ ಮೇಲೋ?’

ಅವನು ಉತ್ತರ ಕೊಡಲಿಲ್ಲ, ಇನ್ನೊಂದು ಸಲ ಬತ್ತಿ ಹಚ್ಚಿದ. ಈ ಸಲ ಇಡೀ ಗುಂಪು ತಟ್ಟೆಗೆ ಮುಖ ತಾಗುವಷ್ಟು ಬಗ್ಗಿ ನೋಡಿತು. ಉರಿಯುವಾಗ ನೀರು ಹೆಚ್ಚೇನೂ ಏರಲಿಲ್ಲ. ಬಾಟಲಿ ಇಡುತ್ತಿದ್ದ ಹಾಗೆ ಅದರ ಅಂಚಿನಿಂದ ಗುಳ್ಳೆಗಳು ಹೊರಬಂದದ್ದನ್ನು ಪಕ್ಕದ ಹುಡುಗಿ ಗುರುತಿಸಿದಳು. ಗಾಳಿ ಹೊರಗೆ ಹೋಗುತ್ತಿದೆ! ಯಾಕೆ? ಇಲ್ಲಿ ಬಾಯಿ ಬಿಗಿಹಿಡಿಯುವುದು ಮೇಷ್ಟರಿಗೆ ಬಹಳ ಕಷ್ಟ, ಆದರೆ ಹಿಡಿಯಲೇಬೇಕು.

‘ಆಮ್ಲಜನಕವೇ ಕಾರಣ ಅಂತಾದ್ರೆ, ಅದೇ ಬಾಟಲಿಗೆ ಎರಡು ಬತ್ತಿ ಇಟ್ರೆ ಏನಾಗಬೇಕು?’ ಎಂದಷ್ಟೇ ಕೇಳಿದೆ. ಬಾಟಲಿ ಅದೇ, ಒಳಗಿನ ಆಮ್ಲಜನಕವೂ ಅಷ್ಟೇ, ಆದ್ದರಿಂದ ನೀರೂ ಅಷ್ಟೇ ಏರಬೇಕು ಎಂದು ಅವರೇ ಲೆಕ್ಕ ಹಾಕಿದರು. ಸ್ಕೇಲು ಹಿಡಿದು ನೋಡಿದರೆ ನೀರು ಇನ್ನೂ ಮೇಲೆ! ‘ಶಾಖ ಜಾಸ್ತಿ ಆಯ್ತು ಮಿಸ್’ ಎಂಬ ಮಾತು ಆಗ ಹಿಂದಿನ ಬೆಂಚಿನಿಂದ ಬಂತು. ಹಾಗಾದರೆ ಬೆಂಕಿಯೇ ಇಲ್ಲದೆ ಬರೀ ಶಾಖದಿಂದ ನೀರು ಏರಿಸಬಹುದೇ? ಬಿಸಿಯೂಟದ ಅಡುಗೆಮನೆಯಿಂದ ಬಿಸಿನೀರು ತಂದು (ಗಾಜು ಸೀಳದಂತೆ, ಕುದಿಯುವ ನೀರು ಬೇಡ), ಬಾಟಲಿಗೆ ಹಾಕಿ ಚೆಲ್ಲಿ, ತಕ್ಷಣ ತಟ್ಟೆಯಲ್ಲಿ ಬೋರಲು ಇಟ್ಟರು. ಬಾಟಲಿ ತಣಿದ ಹಾಗೆ ನೀರು ಒಳಗೆ ಸರಿಯಿತು. ಕಾದ ಗಾಳಿ ಹಿಗ್ಗಿ ಒಂದಿಷ್ಟು ಹೊರಗೆ ಹೋಗಿತ್ತು. ಉಳಿದದ್ದು ತಣಿದು ಕುಗ್ಗಿದಾಗ ಹೊರಗಿನ ಒತ್ತಡ ನೀರನ್ನು ಒಳಗೆ ತಳ್ಳಿತ್ತು.

ಹಾಗಂತ ಆಮ್ಲಜನಕಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎಂದು ಹೊರಟರೆ ಅದೂ ಅವಸರವೇ. ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ 16ಕ್ಕೆ ಇಳಿಯುವಷ್ಟರಲ್ಲೇ ಬತ್ತಿ ಆರುತ್ತದೆ, ಅಂದರೆ ಬಹುಪಾಲು ಒಳಗೇ ಉಳಿದಿರುತ್ತದೆ. ಖರ್ಚಾದ ಆಮ್ಲಜನಕಕ್ಕಿಂತ ಹುಟ್ಟಿದ ಇಂಗಾಲದ ಡೈಆಕ್ಸೈಡಿನ ಗಾತ್ರ ಕಡಿಮೆ, ಜೊತೆಗೆ ಹುಟ್ಟಿದ ನೀರಾವಿ ತಣಿದು ಹನಿಯಾಗುತ್ತದೆ. ಹೀಗಾಗಿ ನೀರು ಏರುವುದರಲ್ಲಿ ಆಮ್ಲಜನಕದ್ದೂ ಸಣ್ಣ ಪಾಲಿದೆ. ಈ ಭಾಗವನ್ನು ಮಾತ್ರ ನಾನೇ ಹೇಳಿಕೊಡುತ್ತೇನೆ, ಅಣುಗಳ ಲೆಕ್ಕ ತಟ್ಟೆಯಲ್ಲಿ ಕಾಣುವುದಿಲ್ಲವಲ್ಲ.

ಇದಕ್ಕೆ ಎರಡು ಪೀರಿಯಡ್ ಹೋಗುತ್ತವೆ. ಸಿಲಬಸ್ ಮುಗಿಯಬೇಕು, ನಿಜ. ಅದಕ್ಕೇ ಎಲ್ಲ ಪಾಠಗಳಿಗೂ ಹೀಗೆ ಮಾಡುವುದಿಲ್ಲ. ಪರಮಾಣು ರಚನೆಯನ್ನು ನೇರವಾಗಿಯೇ ಬೋಧಿಸುತ್ತೇನೆ. ಮಧ್ಯಪ್ರದೇಶದ ಹೊಶಂಗಾಬಾದಿನಲ್ಲಿ 1972ರಿಂದ 2002ರವರೆಗೆ ನಡೆದ, ಪ್ರಯೋಗ ಮಾಡಿಸಿಯೇ ಕಲಿಸುತ್ತಿದ್ದ ವಿಜ್ಞಾನ ಬೋಧನಾ ಕಾರ್ಯಕ್ರಮದಲ್ಲಿ ಮಕ್ಕಳು ಪುಸ್ತಕ ತೆರೆದಿಟ್ಟುಕೊಂಡೇ ಪರೀಕ್ಷೆ ಬರೆಯುತ್ತಿದ್ದರು. ನಮಗೆ ಆ ಸ್ವಾತಂತ್ರ್ಯ ಇಲ್ಲ, ಆದರೆ ವರ್ಷದ ನಡುವಿನ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಪ್ರಶ್ನೆಗಳು ನಮ್ಮ ಕೈಯಲ್ಲೇ ಇವೆ.

ಹಾಗಾಗಿ ಹೀಗೊಂದು ಪ್ರಶ್ನೆ ಕೊಟ್ಟೆ: ಒಂದು ಗುಂಪು ಸಣ್ಣ ಬಾಟಲಿಗೆ ಒಂದು ಬತ್ತಿ, ಇನ್ನೊಂದು ಗುಂಪು ದೊಡ್ಡ ಬಾಟಲಿಗೆ ಎರಡು ಬತ್ತಿ ಇಟ್ಟಿತು. ಬತ್ತಿ ಹೆಚ್ಚಾದರೆ ನೀರು ಹೆಚ್ಚು ಏರುತ್ತದೆಯೇ ಎಂದು ಇದರಿಂದ ಹೇಳಬಹುದೇ? ‘ಹೌದು’ ಎಂದವರೂ ಇದ್ದರು. ‘ಹೇಳಕ್ಕಾಗಲ್ಲ, ಬಾಟಲಿನೂ ಬದಲಾಯಿಸಿದ್ದಾರೆ’ ಎಂದು ಬರೆದವರಿಗೆ ಪೂರ್ತಿ ಅಂಕ ಕೊಟ್ಟೆ.