ಹಳೆಯ ಟ್ರೇಲರಿನ ಕೊಂಡಿಯನ್ನು ನಾನು ಗುರುತಿಸುವ ಬಗೆ

ಮೂಡಿಗೆರೆ ಸೀಮೆಯ ಕಾಫಿ ತೋಟಗಳಲ್ಲಿ ಜೀಪಿನ ಹಿಂದೆ ಎಳೆಯುವ ಹಳೆಯ ಟ್ರೇಲರುಗಳನ್ನು ದುರಸ್ತಿ ಮಾಡುವುದು ನನ್ನ ಕಸುಬು. ಬಹಳ ಹಿಂದೆ, ಜೀಪಿನ ಹಿಂಬದಿಯ ಉಕ್ಕಿನ ಗುಂಡಾದ ಬಾಲಿಗೂ ಅದರ ಮೇಲೆ ಕೂರುವ ಟ್ರೇಲರಿನ ಕಪ್ಲರಿಗೂ ಹೊಂದಿಕೆಯಿದೆಯೆಂದು ಕಣ್ಣಳತೆಯಲ್ಲೇ ನಂಬಿ ಕಳುಹಿಸಿದ್ದ ಒಂದು ಟ್ರೇಲರ್, ಗೊಬ್ಬರದ ಮೂಟೆಗಳ ಸಮೇತ ಏರಿನಲ್ಲಿ ಕಳಚಿಕೊಂಡು ಚರಂಡಿಗೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಅಂದಿನಿಂದ ಅಳೆಯದೆ ಯಾವ ಕೊಂಡಿಯನ್ನೂ ನಾನು ಜೋಡಿಸಿಲ್ಲ.

ಬಾಲುಗಳಲ್ಲಿ ಮೋಸ ಹೋಗುವುದು ಸುಲಭ. 1-7/8 ಇಂಚು ವ್ಯಾಸದ್ದು 47.6 ಮಿ.ಮೀ., 2 ಇಂಚಿನದು 50.8 ಮಿ.ಮೀ.; ಇವೆರಡರ ನಡುವೆ 50 ಮಿ.ಮೀ.ನದೊಂದು ಬೇರೆಯೇ ಇದೆ. ಮೊದಲು ಸೀಮೆಎಣ್ಣೆ ಹಚ್ಚಿ, ವೈರ್ ಬ್ರಷ್ಷಿನಿಂದ ಗ್ರೀಸು, ಬಣ್ಣಗಳನ್ನು ಉಜ್ಜಿ ತೆಗೆದು, ತಲೆಯ ಮೇಲೆ ಅಳತೆ ಕೊರೆದಿದೆಯೇ ಎಂದು ನೋಡುತ್ತೇನೆ. ಕೊರೆದಿರಲಿ, ಬಿಡಲಿ, ವರ್ನಿಯರ್ ಹಿಡಿದು ಹಿಂದು-ಮುಂದಾಗಿ ಒಮ್ಮೆ, ಅಡ್ಡವಾಗಿ ಒಮ್ಮೆ ಅಳೆಯುತ್ತೇನೆ. ಎಳೆತದ ದಿಕ್ಕಿನಲ್ಲಿ ಸವೆತ ಹೆಚ್ಚಿರುವುದರಿಂದ, ಹಿಂದು-ಮುಂದೆ 50.1 ತೋರಿಸಿದ ಬಾಲೊಂದು ಅಡ್ಡಡ್ಡ 50.7 ತೋರಿಸಿದಾಗ, ಅದು 50ರದಲ್ಲ, ಸವೆದ 2 ಇಂಚಿನದೆಂದು ನನಗೆ ತಿಳಿಯಿತು.

ಕಳೆದ ಮಳೆಗಾಲದ ನಂತರ ಬಂದ ಟ್ರೇಲರಿನ ಮೂತಿಯಲ್ಲಿ ಕಪ್ಲರಿನ ಬದಲು ದಪ್ಪನೆಯ ಉಕ್ಕಿನ ಬಳೆಯಿತ್ತು. "ನಮ್ಮಜ್ಜ ಮಿಲಿಟರಿ ಹರಾಜಿನಲ್ಲಿ ತಂದದ್ದು, ಬಳೆ ಕತ್ತರಿಸಿ ಬಾಲಿಗೆ ಕೂರುವ ಹಾಗೆ ವೆಲ್ಡ್ ಮಾಡಿಕೊಡಿ" ಎಂದರು ತೋಟದ ಯಜಮಾನರು. ನಾನು ಒಪ್ಪಲಿಲ್ಲ. ಒಳವ್ಯಾಸ 3 ಇಂಚು, ಅಂದರೆ 76 ಮಿ.ಮೀ. ಇರುವ ಇಂಥ ಬಳೆ ಪಿಂಟಲ್ ಹುಕ್ಕಿನದು: ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪುಗಳ ಹಿಂಬದಿಯಲ್ಲಿ ಇದ್ದದ್ದೂ ಅದೇ. ಕೆಳಗಿನ ಕೊಕ್ಕೆಯೊಳಗೆ ಬಳೆಯನ್ನು ಇಳಿಸಿ, ಮೇಲಿನ ದವಡೆಯನ್ನು ಮುಚ್ಚಿ ಪಿನ್ ಹಾಕಿದರೆ ಮುಗಿಯಿತು. ಬಳೆ ಸಡಿಲವಾಗಿ ಕೂರುವುದರಿಂದಲೇ ಏರುಪೇರಿನ ದಾರಿಯಲ್ಲಿ ಟ್ರೇಲರ್ ಜೀಪಿಗಿಂತ ಬೇರೆ ಕೋನದಲ್ಲಿ ವಾಲಿದರೂ ಕೊಂಡಿ ಮುರಿಯುವುದಿಲ್ಲ. ಹಾಗಾಗಿ ಓಡುವಾಗ ಬರುವ ಟಣಟಣ ಸದ್ದು ದೋಷವಲ್ಲವೆಂದು ಅವರಿಗೆ ವಿವರಿಸಿದೆ.

ಬಳೆಯ ಮುಂಭಾಗದ ಒಳಮೈಯನ್ನು ಮಾತ್ರ ಎಚ್ಚರಿಕೆಯಿಂದ ಪರೀಕ್ಷಿಸಿದೆ, ಏಕೆಂದರೆ ಕೊಕ್ಕೆಯ ಎಳೆತವೆಲ್ಲ ಅಲ್ಲಿಯೇ ಬೀಳುತ್ತದೆ. ಸವೆತ ಅಲ್ಪವಿತ್ತು, ಬಿರುಕಿರಲಿಲ್ಲ. ಜೀಪಿನ ಹಿಂಬದಿಯ ಅಡ್ಡಪಟ್ಟಿಗೆ ಪಿಂಟಲ್ ಹುಕ್ಕನ್ನು ಬಿಗಿದು, ಎರಡು ಸರಪಳಿಗಳನ್ನು ಅಡ್ಡಹಾಯಿಸಿ ಕಟ್ಟಿ, ಮುಂದಿನವರಿಗೆ ಗೊಂದಲವಾಗದಿರಲೆಂದು "ಪಿಂಟಲ್, 3 ಇಂಚು" ಎಂದು ಟ್ರೇಲರಿನ ಮೂತಿಯ ಮೇಲೆ ಬಿಳಿ ಬಣ್ಣದಲ್ಲಿ ಬರೆದುಕೊಟ್ಟೆ.